ಗಡಿಯ ಮೇಲೊಂದು ದಿಂಬು

ಡಾರ್ಕಸ್ ಟಕೆಟ್ ಮಹಾ ಪತಿವ್ರತೆ ಎಂದು ನಾನು ಬಹಳ ದಿನ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಸಿಕ್ಕವರ ಹತ್ತಿರವೆಲ್ಲ ಹೇಳಿಯೂ ಇದ್ದೆ.

ಆಗ ನಾನು ಲಿಟಲ್ ಪಡ್ಲಿಗೆ ಬಂದ ಹೊಸತು. ಅಡುಗೆಮನೆಯ ಕಿಟಕಿಯಿಂದ ಚರ್ಚಿನ ಸ್ಮಶಾನ ಕಾಣುತ್ತಿತ್ತು. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಒಬ್ಬ ಮುದುಕಿ ಬರುತ್ತಿದ್ದಳು. ತಲೆಗೆ ಉಣ್ಣೆಯ ಟೋಪಿ, ಕಾಲಿಗೆ ಗಂಡಸರ ರಬ್ಬರ್ ಬೂಟು, ಕೈಯಲ್ಲಿ ಬಟಾಣಿಯ ಬುಟ್ಟಿ. ಯೂ ಮರದ ಬುಡದ ಒಂದು ಸಮಾಧಿಯ ಪಕ್ಕ ಮಡಿಸುವ ಸ್ಟೂಲು ಹಾಕಿ ಕೂತು ಬಟಾಣಿ ಸುಲಿಯುತ್ತಿದ್ದಳು. ಬಟಾಣಿಯ ಕಾಲ ಮುಗಿದರೆ ಹೆಣಿಗೆ. ಮಳೆ ಬಂದರೆ ಕೊಡೆ. ಏನೇ ಇರಲಿ, ತುಟಿ ಮಾತ್ರ ಬಿಡುವಿಲ್ಲದೆ ಅಲ್ಲಾಡುತ್ತಿತ್ತು. ತೀರಿಕೊಂಡ ಗಂಡನಿಗಾಗಿ ಹೀಗೆ ದಿನಾ ಪ್ರಾರ್ಥಿಸುವ ಜೀವ ಈ ಕಾಲದಲ್ಲೂ ಇದೆಯಲ್ಲ ಎಂದು ನಾನು ಬೆರಗಾಗುತ್ತಿದ್ದೆ. ಆ ದಾರಿಯಲ್ಲಿ ಹಾದುಹೋಗುವಾಗ ಟೋಪಿ ತೆಗೆದು ಎದೆಗೆ ಹಿಡಿದುಕೊಳ್ಳುತ್ತಿದ್ದೆ.

ಒಂದು ದಿನ ಗಾಳಿ ನನ್ನ ಕಡೆಗೆ ಬೀಸಿತು. ಪ್ರಾರ್ಥನೆ ಕೇಳಿಸಿತು.

"ಗೇಟು ಹಾಕಿದ್ದೋಳು ನಾನೇ ಕಣೋ, ಕಲ್ಲು ತಲೆಯೋನೆ. ಚಿಲಕಾನೂ ಹಾಕಿದ್ದೆ. ಆಮೇಲೆ ಹೊರಗೆ ಹೋದೋರು ಯಾರು? ನಿಮ್ಮಪ್ಪ ಎದ್ದು ಬಂದಿದ್ನಾ?"

ನಾನು ಟೋಪಿ ಹಾಕಿಕೊಂಡೆ.

ವಿಷಯ ಇಷ್ಟು. ಡಾರ್ಕಸ್‌ಳ ಗಂಡ ಎನಾಕ್ ಟಕೆಟ್ ಬೇಲಿ ಕಟ್ಟುವವನು. ಹೊಲದಂಚಿನ ಮುಳ್ಳುಗಿಡಗಳನ್ನು ಅರ್ಧ ಕಡಿದು, ಬಾಗಿಸಿ, ಹೆಣೆದು, ದನ ನುಗ್ಗದಂಥ ಜೀವಂತ ಗೋಡೆ ಮಾಡುವುದರಲ್ಲಿ ಆ ಸೀಮೆಗೇ ಹೆಸರಾದವನು. ಅಂಥವನ ಸ್ವಂತ ಹಿತ್ತಲಿನಿಂದ ಒಂದು ದಿನ ಹೆಬ್ಬಾತುಗಳು ತಪ್ಪಿಸಿಕೊಂಡು ರಸ್ತೆಗೆ ಬಿದ್ದವು. ಗೇಟು ತೆರೆದಿತ್ತು. ರಾತ್ರಿ ಊಟಕ್ಕೆ ಕೂತ ಎನಾಕ್ ಸೂಪಿನ ಚಮಚ ಕೆಳಗಿಟ್ಟು, "ಗೇಟು ಬಿಟ್ಟಿದ್ದು ನೀನೇ" ಎಂದ. ಕುರ್ಚಿಗೆ ಒರಗಿದ. ಸತ್ತ.

"ಉತ್ತರ ಕೊಡೋಣ ಅಂತ ಉಸಿರು ಎಳ್ಕೊಂಡೆ ನೋಡಿ," ಎಂದು ಡಾರ್ಕಸ್ ನನಗೆ ಮುಂದೊಮ್ಮೆ ಹೇಳಿದಳು. "ಅಷ್ಟರಲ್ಲಿ ಹೋಗೇಬಿಟ್ಟಿದ್ದ. ಅವನ ಬುದ್ಧೀನೇ ಅಂಥದ್ದು. ನಲವತ್ತು ವರ್ಷ ಬಾಯಿ ಬಿಡ್ದೆ ಕೂತಿದ್ದು, ಕೊನೇ ಮಾತು ಮಾತ್ರ ತಾನು ಇಟ್ಕೊಂಡ."

ಈ ಬಾಕಿ ಮಾತನ್ನು ಸಮಾಧಿಯ ಮೇಲಿನಿಂದ ಕೂಗಿ ಹೇಳುವುದರಲ್ಲಿ ಆಕೆಗೆ ತೃಪ್ತಿಯಿರಲಿಲ್ಲ. ಅವನ ಪಕ್ಕದಲ್ಲಿ ಒಂದು ಆಳು ಮಲಗುವಷ್ಟು ಜಾಗ ಖಾಲಿಯಿತ್ತು. ಕಾಲ ಬಂದಾಗ ಅಲ್ಲಿಗೆ ಹೋಗಿ ಸಮಾಧಾನವಾಗಿ, ಮೊದಲಿನಿಂದ, ಯಾರೂ ನಡುವೆ ಎದ್ದುಹೋಗುವ ಅವಕಾಶವಿಲ್ಲದ ಹಾಗೆ ಮಾತಾಡಬೇಕೆಂಬುದು ಆಕೆಯ ಇರಾದೆ. ಅಲ್ಲಿಯವರೆಗೆ ಆ ಜಾಗದ ಮೇಲೆ ತನ್ನ ಹೆಣಿಗೆಯ ಚೀಲ ಇಟ್ಟುಕೊಂಡು ಕೂರುತ್ತಿದ್ದಳು, ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿಯುವವರ ಹಾಗೆ.

ಜಾಗ ಕೈತಪ್ಪೀತೆಂಬ ಭಯಕ್ಕೆ ಕಾರಣವಿತ್ತು. ನಮ್ಮೂರು ಚೆಂದವಿದೆಯೆಂದು ಯಾರೋ ಹಬ್ಬಿಸಿದ ಮೇಲೆ ಪಟ್ಟಣದವರೆಲ್ಲ ಇಲ್ಲೇ ಮಣ್ಣಾಗಲು ಹಾತೊರೆಯತೊಡಗಿದ್ದರು. ಜಾಗ ಮುಗಿಯುತ್ತ ಬಂದಿತ್ತು. ಕೊನೆಗೆ ನಮ್ಮ ಪಾದ್ರಿ ಮಾಟ್, ಇನ್ನು ಮುಂದೆ ಊರ ಗಡಿಯೊಳಗೆ ವಾಸವಾಗಿರುವವರಿಗೆ ಮಾತ್ರ ಈ ಸ್ಮಶಾನ, ಹೊರಗಿನವರು ಅವರವರ ಊರಿಗೆ ಹೋಗತಕ್ಕದ್ದು ಎಂದು ಕಟ್ಟುನಿಟ್ಟು ಮಾಡಿದರು. ಆ ನಿಯಮಕ್ಕೆ ಎಲ್ಲರಿಗಿಂತ ಜೋರಾಗಿ ಕೈಯೆತ್ತಿದವಳು ಡಾರ್ಕಸ್ ಟಕೆಟ್.

ಈಗ ಊರಿನ ಇತಿಹಾಸವನ್ನು ಸ್ವಲ್ಪ ಹೇಳಬೇಕು. ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಲಿಟಲ್ ಪಡ್ಲಿಯಲ್ಲಿ ಏನೂ ನಡೆದಿಲ್ಲ. ಇದನ್ನು ಹಗುರವಾಗಿ ಹೇಳುತ್ತಿಲ್ಲ, ಗ್ರಾಮ ಇತಿಹಾಸ ಸಮಿತಿಯ ಸದಸ್ಯನಾಗಿ ಹೇಳುತ್ತಿದ್ದೇನೆ. ರಾಜನ ಪಡೆಗೂ ಪಾರ್ಲಿಮೆಂಟಿನ ಪಡೆಗೂ ಯುದ್ಧವಾದಾಗ ಎರಡೂ ಪಡೆಗಳು ಗುಡ್ಡದಾಚೆಯ ದೊಡ್ಡ ರಸ್ತೆಯಲ್ಲಿ ಹಾದುಹೋದವು. ಯಾರೂ ಇತ್ತ ತಿರುಗಲಿಲ್ಲ. ಯಾವನೋ ಒಬ್ಬ ರಾಜ ನಮ್ಮ ಕೆರೆಯಲ್ಲಿ ಕುದುರೆಗೆ ನೀರು ಕುಡಿಸಲು ನಿಂತಿದ್ದನಂತೆ. ಕುದುರೆ ಮೂಸಿ ನೋಡಿ ಬೇಡವೆಂದಿತಂತೆ. ಪ್ಲೇಗು ಪಕ್ಕದ ಗ್ರೇಟ್ ಪಡ್ಲಿಯವರೆಗೆ ಬಂದು ನಿಂತಿತು. ರೈಲು ಅಷ್ಟು ದೂರವೂ ಬರಲಿಲ್ಲ. ಹೆಸರಿನಲ್ಲಿ ದೊಡ್ಡದಾದರೂ ಗ್ರೇಟ್ ಪಡ್ಲಿ ನಮ್ಮೂರಿಗಿಂತ ಚಿಕ್ಕದು. ಈ ಮಾತನ್ನು ಅವರೆದುರು ಎತ್ತಬಾರದು. ಪ್ಲೇಗಿನ ಮಾತನ್ನು ಅವರೇ ಎತ್ತುತ್ತಾರೆ, ಹೆಮ್ಮೆಯಿಂದ.

ಇಷ್ಟು ಸರಕಿನಿಂದ ದಪ್ಪನೆಯ ಪುಸ್ತಕ ಬರೆಯಲು ಹೊರಟವರು ಆಬ್ರಿ ಪೆಂಗೆಲ್ಲಿ. ಪಟ್ಟಣದಲ್ಲಿ ಹಲ್ಲಿನ ಡಾಕ್ಟರಾಗಿದ್ದು ನಿವೃತ್ತರಾಗಿ ಬಂದವರು. ಬಾಯಿ ತೆರೆದುಕೊಂಡು ಮಾತಾಡಲಾಗದೆ ಮಲಗಿದವರೊಂದಿಗೇ ಜೀವನವಿಡೀ ಸಂಭಾಷಣೆ ನಡೆಸಿದ್ದರಿಂದ, ಎದುರಿನವರು ಉತ್ತರ ಕೊಡಬಹುದು ಎಂಬುದು ಅವರಿಗೆ ಇನ್ನೂ ರೂಢಿಯಾಗಿರಲಿಲ್ಲ. ಸಮಿತಿ ಕಟ್ಟಿದವರು ಅವರೇ, ಅಧ್ಯಕ್ಷರೂ ಅವರೇ. ಪಾದ್ರಿ ಮಾಟ್ ಸಭಾಗೃಹದ ಬೀಗದ ಕೈ ಇಟ್ಟುಕೊಂಡಿದ್ದರಿಂದ ಸದಸ್ಯರಾದರು. ನನ್ನನ್ನು ಸೇರಿಸಿಕೊಂಡದ್ದು ನನ್ನ ಹತ್ತಿರ ಉದ್ದನೆಯ ಹಗ್ಗ ಇದ್ದುದರಿಂದ.

ಹಗ್ಗದ ಅಗತ್ಯ ಹೀಗೆ ಬಿತ್ತು. ಹಿಂದೆಲ್ಲ ವಸಂತದಲ್ಲಿ ಊರವರು ಒಟ್ಟಾಗಿ ಊರ ಗಡಿಯ ಸುತ್ತ ನಡೆಯುತ್ತಿದ್ದರು. ಪ್ರತಿ ಗಡಿಕಲ್ಲಿಗೂ ಬೆತ್ತದಲ್ಲಿ ಬಾರಿಸಿ, ಯಾವುದಾದರೂ ಮಗುವನ್ನು ಎತ್ತಿ ಅದರ ಅಂಡನ್ನು ಕಲ್ಲಿಗೆ ಕುಕ್ಕುತ್ತಿದ್ದರು. ಮುಂದೆ ಗಡಿಯ ತಂಟೆ ಬಂದರೆ ಮಗುವಿಗೆ ಕಲ್ಲಿನ ಜಾಗ ನೆನಪಿರಲಿ ಎಂದು. ನಿಂತುಹೋಗಿದ್ದ ಈ ಪದ್ಧತಿಯನ್ನು ಪೆಂಗೆಲ್ಲಿ ಮತ್ತೆ ಶುರುಮಾಡಬೇಕು, ಗಡಿಯ ಗೆರೆಯನ್ನು ಹಗ್ಗ ಎಳೆದೇ ಗುರುತಿಸಬೇಕು ಎಂದರು. ಕೊನೆಯ ಸಲ ಕುಕ್ಕಿಸಿಕೊಂಡವರಲ್ಲಿ ಬದುಕಿದ್ದವಳು ಡಾರ್ಕಸ್ ಒಬ್ಬಳೇ.

ಸಮಿತಿಯ ಸಭೆಗೆ ಚಹಾ ಮತ್ತು ಸೋಂಪಿನ ಕೇಕು ತರುವವಳೂ ಅವಳೇ. ಪೆಂಗೆಲ್ಲಿ ಪೆನ್ಸಿಲ್ ಹಿಡಿದು ಸಿದ್ಧರಾದರು.

"ಮಿಸೆಸ್ ಟಕೆಟ್, ಸಾವಧಾನವಾಗಿ ನೆನಪು ಮಾಡ್ಕೊಳ್ಳಿ. ಆ ಕಲ್ಲು ಎಲ್ಲಿತ್ತು?"

"ಕುಕ್ಕಿದ್ದು ನೆನಪಿದೆ," ಎಂದಳು ಡಾರ್ಕಸ್. "ಕಲ್ಲು ನೆನಪಿಲ್ಲ."

"ಅದು ಹೇಗೆ?"

"ಕಲ್ಲು ನನ್ನ ಹಿಂದುಗಡೆ ಇತ್ತಲ್ಲ, ಹಲ್ಲು ಡಾಕ್ಟ್ರೇ."

ಪೆಂಗೆಲ್ಲಿ ಪೆನ್ಸಿಲ್ ಕೆಳಗಿಟ್ಟು ಭಾಷಣಕ್ಕೆ ತೊಡಗಿದರು. ಗಡಿ ಎಂದರೆ ಎಷ್ಟು ದೊಡ್ಡ ವಿಷಯ ಎನ್ನುವುದಕ್ಕೆ ಐಸಾಕನ ಕಥೆ ಹೇಳಿದರು. ಬಹಳ ಹಿಂದೆ ಐಸಾಕ್ ಎಂಬ ತಿರುಕ ಗಡಿಯ ಮೇಲೇ ಗುಡಿಸಲು ಹಾಕಿಕೊಂಡಿದ್ದ. ಮುದಿತನದಲ್ಲಿ ಅವನಿಗೆ ಅನ್ನ ಹಾಕುವ ಭಾರ ಯಾವ ಊರಿನದು ಎಂದು ಎರಡು ಪಡ್ಲಿಗಳಿಗೂ ವ್ಯಾಜ್ಯ ಹತ್ತಿತು. ನ್ಯಾಯಾಧೀಶರು ಗುಡಿಸಲಿಗೇ ಬಂದು ನೋಡಿ, ಮನುಷ್ಯ ಮಲಗುವಾಗ ತಲೆ ಯಾವ ಊರಿನಲ್ಲಿ ಇಡುತ್ತಾನೋ ಅದೇ ಅವನ ಊರು, ಕಾಲು ಲೆಕ್ಕಕ್ಕಿಲ್ಲ ಎಂದು ತೀರ್ಪು ಕೊಟ್ಟರಂತೆ. ಇದು ಪುಸ್ತಕದ ಅತ್ಯುತ್ತಮ ಅಧ್ಯಾಯವಾಗಲಿದೆ ಎಂದರು ಪೆಂಗೆಲ್ಲಿ. ಪಾದ್ರಿಗಳಿಗೆ ಜೊಂಪು ಹತ್ತಿತ್ತು. ನಾನು ಕೇಕಿನ ಮೇಲೆ ಕಣ್ಣಿಟ್ಟಿದ್ದೆ. ಡಾರ್ಕಸ್ ಚಹಾ ಬಗ್ಗಿಸುತ್ತಿದ್ದಳು.

ಆಮೇಲೆ ಪೆಂಗೆಲ್ಲಿ ಹಳೆಯ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿದರು.

"ಈಗ ಇದನ್ನ ನೋಡಿ! ಮೂರನೇ ಕಲ್ಲಿಂದ ದೊಡ್ಡ ಓಕ್ ಮರಕ್ಕೆ ನೇರ ಗೆರೆ. ನಾವೆಲ್ಲ ಗಡಿ ಅಂದ್ರೆ ಹಳ್ಳ ಅಂದ್ಕೊಂಡಿದ್ವಿ. ತಪ್ಪು! ಗೆರೆಯಿಂದ ಆಚೆ ಇರೋದು ಯಾವ ಮನೆ? ಟಕೆಟ್ ಮನೆ! ಅಂದ್ರೆ ಮಿಸೆಸ್ ಟಕೆಟ್ ಮದುವೆಯಾಗಿ ಬಂದಾಗಿಂದ ಗ್ರೇಟ್ ಪಡ್ಲಿಯವರು, ಅವರಿಗೇ ಗೊತ್ತಿಲ್ಲ!"

ಅವರ ಮುಖ ಹಬ್ಬದ ಹಾಗಿತ್ತು. ಇಡೀ ಊರಿನ ಇತಿಹಾಸದಲ್ಲಿ ಅದೇ ಮೊದಲ ಸಲ ಏನೋ ಒಂದು ನಡೆದಿತ್ತು. ಡಾರ್ಕಸ್ ಬಗ್ಗಿಸುತ್ತಿದ್ದ ಚಹಾ ಬಟ್ಟಲು ತುಂಬಿ, ತಟ್ಟೆ ತುಂಬಿ, ಪಾದ್ರಿಗಳ ಮಡಿಲಿಗೆ ಇಳಿಯಿತು. ಅವರು ಎಚ್ಚರಗೊಂಡರು.

"ಹಂಗಾದ್ರೆ ಎನಾಕ್ ಪಕ್ಕ ನನ್ನನ್ನ ಹೂಳಲ್ವಾ?" ಎಂದಳು ಡಾರ್ಕಸ್.

ಪಾದ್ರಿಗಳು ಕರ್ಚೀಫಿನಿಂದ ಒರೆಸಿಕೊಳ್ಳುತ್ತ, "ಅಯ್ಯೋ, ಅದು... ನಿಯಮ ಅಂತ ಒಂದಿದೆಯಲ್ಲ ತಾಯಿ," ಎಂದರು.

"ಆ ನಿಯಮಕ್ಕೆ ಕೈಯೆತ್ತಿದೋಳು ನಾನು."

"ಹೌದು. ನಾಲ್ಕು ಜನ ಪಟ್ಟಣದವರನ್ನ ನಿಮ್ಮ ಮಾತಿನ ಮೇಲೇ ವಾಪಸ್ ಕಳಿಸಿದ್ದೀನಿ. ಈಗ ನಿಮಗೆ ಒಂದು, ಅವರಿಗೆ ಒಂದು ಅಂದ್ರೆ..."

ನಕ್ಷೆಯ ಗೆರೆ ಮೊಂಡು ನಿಬ್ಬಿನಿಂದ ಎಳೆದದ್ದು. ಮನೆ ಆ ಗೆರೆಯ ಕೆಳಗೇ ಸಿಕ್ಕಿಕೊಂಡಿತ್ತು, ಆಚೆಯದೋ ಈಚೆಯದೋ ಖಚಿತವಾಗಿ ಹೇಳುವಂತಿರಲಿಲ್ಲ. ಗಡಿ ಸುತ್ತುವ ದಿನ ಹಗ್ಗ ಹಿಡಿದೇ ನೋಡೋಣ ಎಂದು ಪಾದ್ರಿಗಳು ತೇಪೆ ಹಾಕಿದರು. ಡಾರ್ಕಸ್ ಉಳಿದ ಕೇಕನ್ನು ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಕಂಕುಳಲ್ಲಿ ಇರುಕಿಕೊಂಡು ಹೋದಳು. ನಾನು ಅಲ್ಲಿಯವರೆಗೆ ಒಂದೇ ಚೂರು ತಿಂದಿದ್ದೆ.

ಗಡಿ ಸುತ್ತುವ ದಿನ ಬೆಳಿಗ್ಗೆಯೇ ಜಿಟಿಜಿಟಿ ಮಳೆ. ಊರಿಗೆ ಊರೇ ವಿಲೋ ಬೆತ್ತ ಹಿಡಿದು ಹೊರಟಿತು. ಪಕ್ಕದೂರಿನ ಸಾಕ್ಷಿಯಾಗಿ ಗ್ರೇಟ್ ಪಡ್ಲಿಯ ಚರ್ಚಿನ ಮುಖಂಡ ಸೈಲಸ್ ಗಾಬೆಟ್ ಬಂದಿದ್ದ. ಡಾರ್ಕಸ್ ಅವನ ಪಾಲಾಗುತ್ತಾಳೆಂಬ ಸುದ್ದಿ ಅವನಿಗೆ ತಲುಪಿತ್ತು. ಡಾರ್ಕಸ್ ಅವರೂರಿನವಳಾದರೆ ಅವಳ ಸೋಂಪಿನ ಕೇಕೂ ಅವರೂರಿನದಾಗುತ್ತದೆ ಎಂಬುದನ್ನು ಅವನು ದಾರಿಯುದ್ದಕ್ಕೂ ಮುಚ್ಚಿಡಲಿಲ್ಲ.

"ನಮ್ಮ ಸ್ಮಶಾನ ಏನು ಕಮ್ಮಿ, ಡಾರ್ಕಸ್? ಕೈಕಾಲು ಚಾಚಿ ಮಲಗ್ಬಹುದು. ನೀರೂ ನಿಲ್ಲಲ್ಲ."

"ಲೋ ಸೈಲಸ್, ಸ್ಕೂಲಲ್ಲಿ ನಿನಗೆ ಎರಡೆರಡು ಸಲ ಪುಡ್ಡಿಂಗ್ ಬಡಿಸಿದ್ದೀನಿ. ಅದರ ಋಣಕ್ಕಾದ್ರೂ ಬಾಯಿ ಮುಚ್ಕೊಂಡು ನಡಿ." ಡಾರ್ಕಸ್ ಶಾಲೆಯ ಅಡುಗೆಯವಳಾಗಿದ್ದವಳು. ಆ ಸೀಮೆಯ ದೊಡ್ಡ ಮನುಷ್ಯರೆಲ್ಲ ಅವಳ ಸೌಟಿನ ಕೆಳಗೆ ಬೆಳೆದವರು.

ಮೂರನೇ ಕಲ್ಲಿನ ಹತ್ತಿರ ಯಾರನ್ನಾದರೂ ಕುಕ್ಕಬೇಕಿತ್ತು. ತಾಯಂದಿರು ಯಾರೂ ಮಕ್ಕಳನ್ನು ಕೊಡಲಿಲ್ಲ. ಇತಿಹಾಸಕ್ಕಾಗಿ ತಾನೇ ಸಿದ್ಧ ಎಂದು ಪೆಂಗೆಲ್ಲಿ ಸುಮ್ಮನೆ ಒಂದು ಮಾತು ಆಡಿದರು. ಜನ ತಡಮಾಡಲಿಲ್ಲ. ಅಧ್ಯಕ್ಷರನ್ನು ಎತ್ತಿ ಕುಕ್ಕುವಾಗ ಕಂಡ ಉತ್ಸಾಹ ನೋಡಿ ಊರಿಗೆ ಇತಿಹಾಸದಲ್ಲಿ ಇಷ್ಟೊಂದು ಆಸಕ್ತಿ ಇದೆಯೆಂದು ನನಗೆ ಅಂದೇ ತಿಳಿದದ್ದು.

ಹಗ್ಗದ ಒಂದು ತುದಿಯನ್ನು ಕಲ್ಲಿಗೆ ಬಿಗಿದು, ಇನ್ನೊಂದನ್ನು ಹಿಡಿದು ನಾನು ಓಕ್ ಮರದತ್ತ ನಡೆದೆ. ಟಕೆಟ್ ಮನೆ ಅಡ್ಡ ಬಂತು. ಗೆರೆ ಮನೆಯ ಆಚೆಯೂ ಇರಲಿಲ್ಲ, ಈಚೆಯೂ ಇರಲಿಲ್ಲ. ನೇರವಾಗಿ ಮಲಗುವ ಕೋಣೆಯ ಕಿಟಕಿಗೆ ಬಂದು ತಾಗಿತು.

"ಒಳಗೆ ಹೋಗಬೇಕು!" ಎಂದರು ಪೆಂಗೆಲ್ಲಿ, ಹಿಂಭಾಗ ಸವರಿಕೊಳ್ಳುತ್ತ.

"ಹೋಗಿ. ಬೂಟು ಬಿಚ್ಚಿ ಹೋಗಿ," ಎಂದಳು ಡಾರ್ಕಸ್. "ಇತಿಹಾಸ ಆದ್ರೂ ಅಷ್ಟೇ, ನೆಲ ಒರೆಸೋಳು ನಾನು."

ಕಾಲುಚೀಲದಲ್ಲಿ ನಾವು ನಾಲ್ವರು ಒಳಹೊಕ್ಕೆವು. ಪೆಂಗೆಲ್ಲಿ, ಪಾದ್ರಿಗಳು, ಸೈಲಸ್, ನಾನು. ಉಳಿದವರು ಕಿಟಕಿಗಳಿಗೆ ಮುತ್ತಿಕೊಂಡರು. ಹಗ್ಗ ಒಂದು ಕಿಟಕಿಯಿಂದ ಬಂದು, ಮಂಚದ ಸರಿಯಾಗಿ ನಡುವೆ ಸೊಂಟಪಟ್ಟಿಯ ಹಾಗೆ ಹಾದು, ಎದುರಿನ ಕಿಟಕಿಯಿಂದ ಹೊರಗೆ ಹೋಯಿತು. ಆ ಮಂಚವನ್ನು ಎನಾಕ್ ಓಕ್ ತೊಲೆಗಳಿಂದ ಆ ಕೋಣೆಯೊಳಗೇ ಮಾಡಿದ್ದ. ಕಾಲುಗಳನ್ನು ನೆಲದ ಹಲಗೆಗೇ ಗೂಟ ಹೊಡೆದು ಕೂರಿಸಿದ್ದ. ಒಂದು ಬೆರಳಿನಷ್ಟೂ ಸರಿಯುವಂಥದ್ದಲ್ಲ. ಮಂಚದ ಮೇಲೆ ಎರಡು ದಿಂಬುಗಳಿದ್ದವು. ಎರಡೂ ಗ್ರೇಟ್ ಪಡ್ಲಿಯಲ್ಲಿದ್ದವು.

ಸೈಲಸ್ ಟೋಪಿ ತೆಗೆದ. "ನಮ್ಮೂರಿಗೆ ಸ್ವಾಗತ, ಡಾರ್ಕಸ್."

ಪಾದ್ರಿಗಳು ತಲೆ ತಗ್ಗಿಸಿದರು. ಕಿಟಕಿಯಲ್ಲಿ ಯಾರೋ ಮೂಗೆಳೆದುಕೊಂಡರು. ಡಾರ್ಕಸ್ ಹಗ್ಗವನ್ನು ನೋಡಿದಳು. ದಿಂಬು ನೋಡಿದಳು. ಆಮೇಲೆ ಪೆಂಗೆಲ್ಲಿಯವರನ್ನು ನೋಡಿದಳು.

"ಹಲ್ಲು ಡಾಕ್ಟ್ರೇ, ಆ ತಿರುಕನ ಕಥೆ ಹೇಳಿದ್ರಲ್ಲ. ತಲೆ ಎಲ್ಲಿಡ್ತಾನೋ ಅದೇ ಊರು. ಕಾಲು ಲೆಕ್ಕಕ್ಕಿಲ್ಲ. ಅಲ್ವಾ?"

"ಅಕ್ಷರಶಃ!" ಎಂದರು ಪೆಂಗೆಲ್ಲಿ. ತಮ್ಮ ಭಾಷಣವನ್ನು ಯಾರೋ ಕೇಳಿದ್ದರೆಂಬ ಆನಂದದಲ್ಲಿ ಅವರಿಗೆ ಮುಂದಿನದು ಹೊಳೆಯಲಿಲ್ಲ.

ಡಾರ್ಕಸ್ ತನ್ನ ದಿಂಬನ್ನು ಎತ್ತಿ, ಹಗ್ಗದ ಮೇಲಿಂದ ದಾಟಿಸಿ, ಕಾಲು ಬರುವ ಕಡೆ ಇಟ್ಟಳು. ಒಂದು ಗಳಿಗೆ ನಿಂತಳು. ವಾಪಸ್ ಹೋಗಿ ಎರಡನೆಯದನ್ನೂ ತಂದು ಪಕ್ಕದಲ್ಲಿಟ್ಟಳು.

"ಅದು ಯಾಕೆ?" ಎಂದೆ ನಾನು.

"ಎನಾಕ್‌ದು. ಅವನನ್ನ ಗ್ರೇಟ್ ಪಡ್ಲೀಲಿ ಬಿಟ್ಟು ನಾನೊಬ್ಳೇ ಇಲ್ಲಿ ಮಲ್ಗೋದಾ?"

"ಇದು ಮೋಸ!" ಎಂದ ಸೈಲಸ್. "ದಿಂಬು ಇಟ್ಟ ಮಾತ್ರಕ್ಕೆ ಆಯ್ತಾ? ಮಲಗಬೇಕು!"

"ಮಲಗ್ತೀನಿ."

ಟೋಪಿ, ಕೋಟು ಸಮೇತ ಡಾರ್ಕಸ್ ಮಂಚ ಹತ್ತಿ, ಲಿಟಲ್ ಪಡ್ಲಿಯ ಕಡೆ ತಲೆಯಿಟ್ಟು, ಎದೆಯ ಮೇಲೆ ಕೈ ಕಟ್ಟಿ ಕಣ್ಣು ಮುಚ್ಚಿದಳು.

"ಮಿಸೆಸ್ ಟಕೆಟ್," ಎಂದರು ಪಾದ್ರಿಗಳು ಮೆಲ್ಲನೆ, "ಮಲಗೋದು ಅಂದ್ರೆ ರೂಢಿಯಾಗಿ ಮಲಗೋದು ಅಂತ ಅರ್ಥ."

"ರೂಢಿ ಶುರು ಮಾಡ್ತಿದ್ದೀನಿ ಪಾದ್ರಿಗಳೇ. ಹೋಗ್ತಾ ಪರದೆ ಎಳೀರಿ."

ನಾವು ಹೋಗುವ ಹಾಗಿರಲಿಲ್ಲ, ಹಗ್ಗ ಅಲ್ಲಿತ್ತು. ಇನ್ನೂ ಅರ್ಧ ಗಡಿ ಬಾಕಿಯಿತ್ತು. ಹೊರಗೆ ಮಳೆ ಜೋರಾಯಿತು. ಕಿಟಕಿಯಲ್ಲಿದ್ದ ಜನ ಬೆತ್ತಗಳನ್ನು ತಲೆಯ ಮೇಲೆ ಹಿಡಿದುಕೊಂಡರು, ಅದರಿಂದ ಪ್ರಯೋಜನವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಮಂಚದಿಂದ ಗೊರಕೆ ಬಂತು. ನಿಜವಾದದ್ದೋ ಅಲ್ಲವೋ ಎಂದು ಸೈಲಸ್ ಬಗ್ಗಿ ಕಿವಿಗೊಟ್ಟ. ಗೊರಕೆ ನಿಲ್ಲದೆಯೇ ಒಂದು ಕೈ ಮೇಲೆದ್ದು ಅವನ ಮೂಗನ್ನು ಆಚೆ ತಳ್ಳಿತು.

"ಪೆಂಗೆಲ್ಲಿಯವರೇ, ನೀವೇ ಹೇಳಿ," ಎಂದರು ಪಾದ್ರಿಗಳು. "ಐಸಾಕನ ತೀರ್ಪು ಇವತ್ತಿಗೂ ನಿಲ್ಲುತ್ತಾ, ಇಲ್ವಾ? ನಿಲ್ಲಲ್ಲ ಅಂದ್ರೆ ಆ ಅಧ್ಯಾಯ ಸುಮ್ಮನೆ ಯಾಕೆ, ತೆಗೆದುಬಿಡಿ."

ಪೆಂಗೆಲ್ಲಿ ಬಿಳಿಚಿಕೊಂಡರು. ಒಂದು ಕಡೆ ಹೊಸ ಸಂಶೋಧನೆ, ಇನ್ನೊಂದು ಕಡೆ ಅತ್ಯುತ್ತಮ ಅಧ್ಯಾಯ. ಕಾಲುಚೀಲದಲ್ಲಿ ನಿಂತ ಮನುಷ್ಯ ಎಷ್ಟು ಗಾಂಭೀರ್ಯ ತರಬಹುದೋ ಅಷ್ಟನ್ನೂ ತಂದುಕೊಂಡು ಗಂಟಲು ಸರಿಮಾಡಿಕೊಂಡರು.

"ತೀರ್ಪು ನಿಲ್ಲುತ್ತೆ. ತಲೆ ಲಿಟಲ್ ಪಡ್ಲಿಯಲ್ಲಿದೆ."

ಗೊರಕೆ ತಕ್ಷಣ ನಿಂತಿತು.

"ಹಗ್ಗ ಬಿಚ್ಕೊಳ್ಳಿ ಹಾಗಾದ್ರೆ," ಎಂದಳು ಡಾರ್ಕಸ್ ಎದ್ದು ಕೂತು. "ಕೇಕು ಅಡುಗೆಮನೇಲಿದೆ. ಸೈಲಸ್‌ಗೂ ಒಂದು ಚೂರು ಕೊಡಿ, ಪಾಪ, ಬೇರೆ ಊರಿಂದ ಬಂದಿದಾನೆ."

ಮಾತು ಕೊಟ್ಟಂತೆ ಆಕೆ ಅಂದಿನಿಂದ ಹಾಗೆಯೇ ಮಲಗುತ್ತಿದ್ದಾಳೆ. ಕಷ್ಟವೇ. ಆ ಕಡೆ ಕಿಟಕಿಯ ಸಂದಿಯಿಂದ ಗಾಳಿ ಬಂದು ಕತ್ತು ಹಿಡಿದುಕೊಳ್ಳುತ್ತದೆ. ಎಚ್ಚರವಾದಾಗ ತೋಟ ಕಾಣುತ್ತಿದ್ದ ಕಣ್ಣಿಗೆ ಈಗ ಬಟ್ಟೆಯ ಬೀರು ಕಾಣುತ್ತದೆ. ಸೈಲಸ್ ಬೆಳಗಿನ ಹೊತ್ತು ನಾಯಿ ಓಡಾಡಿಸುವ ನೆಪದಲ್ಲಿ ಕಿಟಕಿಯ ಮುಂದೆ ಹಾದು ದಿಂಬುಗಳು ಎಲ್ಲಿವೆಯೆಂದು ನೋಡುತ್ತಾನೆ. ಅವನಿಗೆ ಕಾಣಲೆಂದೇ ಡಾರ್ಕಸ್ ಪರದೆ ಎಳೆಯುವುದಿಲ್ಲ. ನಾಯಿ ಮೊದಲಿಗಿಂತ ತೆಳ್ಳಗಾಗಿದೆ.

ಪೆಂಗೆಲ್ಲಿಯವರ ಪುಸ್ತಕ ಹೊರಬಂತು. ಅದರಲ್ಲಿ ರಾಜನ ಕುದುರೆಗೆ ಒಂದು ಅಧ್ಯಾಯ, ಐಸಾಕನಿಗೆ ಒಂದು, ಕಲ್ಲಿಗೆ ಕುಕ್ಕಿಸಿಕೊಂಡ ಅಧ್ಯಕ್ಷರಿಗೆ ಎರಡು ಇದ್ದವು. ಡಾರ್ಕಸ್‌ಗೆ ಅರ್ಧ ಪುಟ. ಆದರೂ ಸ್ಮಶಾನದ ವಿಷಯವನ್ನು ಪಾದ್ರಿಗಳು ಇತ್ಯರ್ಥ ಮಾಡಿದರು. ಹೋದ ತಿಂಗಳು ಸಮಿತಿಯ ನಾವು ಮೂವರು ಹೋಗಿ ಎನಾಕನ ಪಕ್ಕದ ಜಾಗದ ನಾಲ್ಕು ಮೂಲೆಗೂ ಗೂಟ ನೆಟ್ಟೆವು. ನಾನು ಹಗ್ಗ ಒಯ್ದಿದ್ದೆ. ಡಾರ್ಕಸ್ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಕೊನೆಯ ಗೂಟ ಇಳಿದ ಮೇಲೆ ಹೆಣಿಗೆಯ ಚೀಲವನ್ನು ಆ ಜಾಗದಿಂದ ತೆಗೆದು, ಮೊದಲ ಸಲ, ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಪೆಂಗೆಲ್ಲಿ ಪೆನ್ಸಿಲ್ ತೆಗೆದರು. ಆ ಸ್ಮಶಾನದಲ್ಲಿ ಚರ್ಚು ಕಟ್ಟಿದಂದಿನಿಂದ ಎಲ್ಲರ ತಲೆಯೂ ಪಡುವಣಕ್ಕೇ ಇದೆ. ಬೇರೆ ಕಡೆ ಇಟ್ಟದ್ದನ್ನು ಯಾರೂ ಕಂಡಿಲ್ಲ. ಆದರೂ ಅವರು ಕೇಳಿದರು.

"ಮಿಸೆಸ್ ಟಕೆಟ್, ಎರಡನೇ ಮುದ್ರಣಕ್ಕೆ ಒಂದು ವಿಷಯ ಖಚಿತ ಮಾಡ್ಕೋಬೇಕು. ಕಾಲ ಬಂದಾಗ, ಇಲ್ಲಿ, ನಿಮ್ಮ ತಲೆ ಯಾವ ಕಡೆ ಇಡಬೇಕು ಅಂತೀರಿ?"

ಡಾರ್ಕಸ್ ಒಂದು ಸಿಪ್ಪೆ ಬಿಡಿಸಿ, ಕಾಳನ್ನು ಬುಟ್ಟಿಗೆ ಉದುರಿಸಿದಳು.

"ತಲೆ ಎಲ್ಲಾದ್ರೂ ಇಡಿ, ಹಲ್ಲು ಡಾಕ್ಟ್ರೇ. ಬಾಯಿ ಮಾತ್ರ ಎನಾಕ್ ಕಿವಿ ಹತ್ರ ಇರ್ಲಿ."